ಹೆಪ್ಪಿನ ಮೂಲ

ಪಕ್ಕದ ಮನೆಯಿಂದ ಒಂದು ಎಸಳು ಕರಿಬೇವು ತಂದರೂ ಅಪರಾಧ ಎಂಬ ಕಾನೂನು ಬಂದು ಒಂಬತ್ತು ವರ್ಷವಾಗಿತ್ತು. ಜಯಶೀಲಳ ಮೂರನೇ ಮಹಡಿಯ ಮನೆಗೆ ಸ್ವಾವಲಂಬನೆ ತಪಾಸಣೆಯ ಅಧಿಕಾರಿ ಬಂದಾಗ ಸಂಜೆಯಾಗಿತ್ತು. ತಪಾಸಣೆಯಲ್ಲಿ ಫೇಲಾದರೆ ಬಾಗಿಲಿಗೆ ‘ಪರಾವಲಂಬಿ ಮನೆ’ ಎಂಬ ಹಲಗೆ ಬೀಳುತ್ತದೆ. ಆಮೇಲೆ ಮಗಳಿಗೆ ಗಂಡು ಸಿಗುವುದು ಕಷ್ಟ.

ಅಧಿಕಾರಿ ಪುಟ್ಟಮಾದಯ್ಯ ಬಾಲ್ಕನಿಯ ಮೇಕೆ, ಮಲಗುವ ಕೋಣೆಯ ರಾಗಿ ಪೈರು, ಮಂಚದ ಕೆಳಗಿನ ಅಣಬೆ ಎಲ್ಲವನ್ನೂ ನೋಡಿ ತಲೆಯಾಡಿಸಿದರು. ಮೊಸರಿನ ಗಡಿಗೆಯ ಮುಂದೆ ಮಾತ್ರ ನಿಂತುಬಿಟ್ಟರು.

“ಇದಕ್ಕೆ ಹೆಪ್ಪು ಎಲ್ಲಿಂದು?”

“ನಿನ್ನೆ ಮೊಸರಿಂದು, ಸಾರ್.”

“ನಿನ್ನೇದಕ್ಕೆ?”

“ಮೊನ್ನೇದು.”

“ಮೊಟ್ಟಮೊದಲನೇದು?”

ಹೋದ ತಿಂಗಳು ಎದುರು ಮನೆಯ ಗೌರಮ್ಮ ಸೆರಗಿನ ಮರೆಯಲ್ಲಿ ತಂದುಕೊಟ್ಟ ಒಂದು ಚಮಚ ಮೊಸರು ಅದು.

“ನಮ್ಮತ್ತೆ ಕಾಲದ್ದು,” ಎಂದಳು ಜಯಶೀಲ.

ಪುಟ್ಟಮಾದಯ್ಯ ಹಾಗೆಯೇ ಬರೆದುಕೊಂಡು ಮೊಹರು ಒತ್ತಿದರು. ಬಾಗಿಲವರೆಗೆ ಹೋದವರು ತಿರುಗಿ ಬಂದು, ಬ್ಯಾಗಿನಿಂದ ಪುಟ್ಟದೊಂದು ಸ್ಟೀಲ್ ಡಬ್ಬಿ ತೆಗೆದರು.

“ನಮ್ಮನೇಲಿ ಹೆಪ್ಪು ಕೆಟ್ಟು ಎಂಟು ದಿನ ಆಯ್ತಮ್ಮ. ಒಂದು ಚಮಚ ಸಿಕ್ಕಿದ್ರೆ...”

ಜಯಶೀಲ ದೇವರ ಮನೆಯ ಕಡೆ ನೋಡಿದಳು. ದೀಪ ಆಗಲೇ ಉರಿಯುತ್ತಿತ್ತು.

“ಕಾನೂನಿನ ಮಾತು ಬಿಡಿ ಸಾರ್, ಅದನ್ನ ನೀವೇ ನೋಡ್ಕೋತೀರಿ. ಆದ್ರೆ ದೀಪ ಹಚ್ಚಿದ ಮೇಲೆ ಹೆಪ್ಪು ಹೊರಗೆ ಕೊಡಬಾರದು. ಬೆಳಿಗ್ಗೆ ಬನ್ನಿ.”

ಪುಟ್ಟಮಾದಯ್ಯ ಸಿಕ್ಕಿಬಿದ್ದವರಂತೆ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡರು.

“ಹೌದಮ್ಮ, ತಪ್ಪಾಯ್ತು. ಗೊತ್ತಿದ್ದೂ ಕೇಳ್ಬಿಟ್ಟೆ.”