ನಾಲ್ಕು ಮೊಳ ಚೆಂಡು ಹೂವು

ಚೆಂಡು ಹೂವಿನ ಘಾಟು ಮೂಗಿಗೆ ಬಡಿದರೆ ಈಗಲೂ ಹೊಸಪೇಟೆಯ ಆ ಆಯುಧ ಪೂಜೆಯ ಮಧ್ಯಾಹ್ನ ನೆನಪಾಗುತ್ತದೆ.

ಅದಿರಿನ ಲಾರಿಗಳು ಊರು ತುಂಬಿದ್ದ ಕಾಲ. ಅವ್ವ ರಸ್ತೆ ಬದಿ ಕೂತು ಮಾಲೆ ಕಟ್ಟಿ ಮಾರುತ್ತಿದ್ದಳು. ಎಂಟು ವರ್ಷದ ನಾನು ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಮೊಳ ಹಾಕಿ ಕೊಡುತ್ತಿದ್ದೆ. "ನೀನ ಮೊಳ ಹಾಕವ್ವ, ನಿನ್ನ ಕೈಗುಣ ಚಲೋ ಐತಿ" ಎಂದು ಅವ್ವನೇ ಕೂರಿಸಿದ್ದಳು. ನನಗೆ ಹೆಮ್ಮೆ.

ನಾಲ್ಕು ಮೊಳ ಒಯ್ದಿದ್ದ ಗಣಿಯ ಸರ್ವೇಯರ್ ಒಬ್ಬರು ಮಾಲೆ ಹಿಡಿದು ವಾಪಸು ಬಂದರು. ಜೀಪಿನ ಮುಂಭಾಗಕ್ಕೆ ಅದು ಸಾಲದಾಗಿತ್ತು. "ಮೊಳಕ್ಕ ನಲವತ್ತೈದು ಸೆಂಟಿಮೀಟರ್ ಲೆಕ್ಕ ಹಾಕಿ ತಗೊಂಡಿದ್ದೆ, ನೋಡ್ರಿಲ್ಲಿ" ಎಂದು ಟೇಪು ಬಿಚ್ಚಿ ಮೊದಲು ಮಾಲೆಯನ್ನು, ಆಮೇಲೆ ನನ್ನ ಕೈಯನ್ನು ಅಳೆದರು. "ಮೂವತ್ತೈದ! ಸಣ್ಣ ಹುಡುಗಿ ಕೈಲೆ ಮೊಳ ಹಾಕಸ್ತೀರೇನ್ರಿ?"

ಸುತ್ತಲಿದ್ದವರು ನಕ್ಕರು. ಅವ್ವ ನನ್ನ ತಲೆಗೆ ಮೊಟಕಿದಳು. "ಎಷ್ಟು ಸಲ ಹೇಳೀನಿ, ನೀ ಮೊಳ ಹಾಕಬ್ಯಾಡ ಅಂತ!"

ಹಾಗೆ ಅವಳು ಒಮ್ಮೆಯೂ ಹೇಳಿರಲಿಲ್ಲ. ನಾನು ಕೈಯನ್ನು ಲಂಗದಲ್ಲಿ ಮುಚ್ಚಿಕೊಂಡು ಕೂತೆ.

ಸಂಜೆ ಮನೆಗೆ ಹೋಗುವಾಗ ಅವ್ವ ಬಜ್ಜಿ ಅಂಗಡಿಯ ಮುಂದೆ ನಿಂತಳು. "ಮಿರ್ಚಿ ತಿಂತಿಯೇನವ್ವ?" ಎಂದು ರಸ್ತೆಯ ಕಡೆ ನೋಡುತ್ತಾ ಕೇಳಿದಳು.

ಹೊಟ್ಟೆ ಹಸಿದಿತ್ತು. ಬ್ಯಾಡ ಎಂದೆ.