ಬಾಗಿಲು ಹಾಕುವ ಹೊತ್ತು

ಬಾಟಲಿಯ ಮುಚ್ಚಳ ಕಟಕ್ಕೆಂದು ಬಿಚ್ಚಿಕೊಂಡ ಸದ್ದಿಗೆ ಜಯಲತಾ ಅಡುಗೆಮನೆಯಿಂದ ಕೋಣೆಗೆ ಬಂದಳು. ನೆಲದ ಮೇಲೆ ಸಾಲಾಗಿ ಐದು ಬಾಳೆಎಲೆ. ಅವಳ ಅಣ್ಣ ವಸಂತಕುಮಾರ ಮಂಡಿಯೂರಿ ಮೊದಲ ಎಲೆಯ ಪಕ್ಕದ ಗ್ಲಾಸಿಗೆ ಬ್ರಾಂಡಿ ಸುರಿಯುತ್ತಿದ್ದ. ಅದು ಅವರ ಅಪ್ಪನ ಎಲೆ. ಸತ್ತವರನ್ನು ಒಳಗೆ ಕರೆದು ಬಡಿಸುವ ದಿನ ಅಪ್ಪನಿಗೆ ಬ್ರಾಂಡಿ, ಅಮ್ಮನಿಗೆ ವೀಳ್ಯ, ಸೋದರಮಾವನಿಗೆ ಬೀಡಿ, ಜಯಲತಾಳ ಗಂಡನಿಗೆ ಸಕ್ಕರೆ ಜಾಸ್ತಿ ಹಾಕಿದ ಚಹಾ. ಮುಂಬೈ ಹತ್ತಿರದ ಡೊಂಬಿವಲಿಯ ಈ ಫ್ಲ್ಯಾಟಿನಲ್ಲಿ ಹನ್ನೊಂದು ವರ್ಷಗಳಿಂದ ನಾಲ್ಕೇ ಎಲೆ.

ಐದನೆಯದು ಅವಳ ಮಗ ಸಮಿತನದು. ಹತ್ತೊಂಬತ್ತು ವರ್ಷ. ಇವತ್ತಿಗೆ ಹದಿನಾರನೆಯ ದಿನ. ಸ್ಟೇಷನ್ನಿನ ಹೊರಗಿನ ಅಂಗಡಿಯಿಂದ ತಂದ ಎರಡು ವಡಾಪಾವ್‌ಗಳನ್ನು ಅವಳು ಅದರ ಮೇಲೆ ಇಟ್ಟಿದ್ದಳು. ಒಣ ಚಟ್ನಿ ಬೇರೆಯಾಗಿ, ಅವನು ಕೇಳುತ್ತಿದ್ದ ಹಾಗೆ.

ವಸಂತಕುಮಾರ ಸಾಲಿನ ಕೊನೆಗೆ ಸರಿದು ಅಲ್ಲೂ ಒಂದು ಗ್ಲಾಸಿಟ್ಟು ಬ್ರಾಂಡಿ ಹಾಕಿದ.

"ಅದು ಯಾಕೆ ಅಣ್ಣ ಅಲ್ಲಿ?"

"ಇಡ್ಬೇಕು ಲತಾ. ಇಷ್ಟ ಇದ್ದದ್ದು ಇಡದಿದ್ರೆ ಅವ ಹೊಸಿಲು ದಾಟುದಿಲ್ಲ."

"ಅವನಿಗೆ ಇದು ಇಷ್ಟ ಅಂತ ನಿನಗೆ ಯಾರು ಹೇಳಿದ್ದು?"

ವಸಂತಕುಮಾರ ಬಾಗಿಲ ಬಳಿ ನಿಂತಿದ್ದ ತನ್ನ ಮಗ ರಿತೇಶನ ಕಡೆ ನೋಡಿದ. ರಿತೇಶ್ ಮತ್ತು ಸಮಿತ್ ಒಂದೇ ಕಾಲೇಜು, ಒಂದೇ ಬೆಂಚು. ಪರೀಕ್ಷೆ ಮುಗಿದ ದಿನ ಬದಲಾಪುರದಲ್ಲಿ ಬಾಡಿಗೆಗೆ ಹಿಡಿದ ಬಂಗಲೆಗೆ ಹೋದ ಏಳು ಹುಡುಗರಲ್ಲಿ ಅವನೂ ಇದ್ದ. ಪೊಲೀಸರಿಗೂ ಮನೆಯವರಿಗೂ ಅವನು ಈವರೆಗೆ ಹೇಳಿದ್ದು ಇಷ್ಟೇ: ಎಲ್ಲರೂ ಕುಡಿದೆವು, ಸಮಿತ್ ಮಲಗಿದ, ಬೆಳಿಗ್ಗೆ ಏಳಲಿಲ್ಲ.

"ಇಷ್ಟ ಇರ್ಲಿಲ್ಲ ಅತ್ತೆ," ರಿತೇಶ್ ಗೋಡೆ ನೋಡುತ್ತ ಹೇಳಿದ. "ಕಫ್ ಸಿರಪ್ ಹಾಗೆ ಉಂಟು ಅಂದ. ಮೂಗು ಹಿಡ್ಕೊಂಡು ಕುಡಿದ. ಪೂರಾ ಕ್ವಾರ್ಟರ್, ಒಂದೇ ದಮ್ಮಿಗೆ. ನಾವು ಟೈಮ್ ನೋಡ್ತಾ ಇದ್ದೆವು."

"ಎಂಥ ಟೈಮ್?"

"ಯಾರು ಫಾಸ್ಟ್ ಅಂತ. ಮೊಬೈಲಲ್ಲಿ. ಅವ ಸೆಕೆಂಡ್ ಬಂದ."

ಜಯಲತಾ ಬಗ್ಗಿ ಗ್ಲಾಸು ಎತ್ತಿಕೊಂಡು ಹೋದಳು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು. ವಸಂತಕುಮಾರ ಬಾಟಲಿಯ ಮುಚ್ಚಳ ಹಾಕಿದ. ಅವಳು ಅದೇ ಗ್ಲಾಸಿನಲ್ಲಿ ನೀರು ತಂದು ಮಗನ ಎಲೆಯ ಪಕ್ಕ ಇಟ್ಟಳು.

ದೀಪ ಹಚ್ಚಿಯಾಯಿತು. ಇನ್ನು ಎಲ್ಲರೂ ಕೋಣೆಯಿಂದ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಸತ್ತವರು ಉಣ್ಣುವಷ್ಟು ಹೊತ್ತು ಕಾದು, ಆಮೇಲೆ ತಟ್ಟಿ ತೆರೆಯಬೇಕು. ಅಲ್ಲಿಗೆ ಸಮಿತ್ ಹಿರಿಯರ ಸಾಲಿಗೆ ಸೇರಿದ ಹಾಗೆ. ನಾಳೆಯಿಂದ ಅವಳಿಗೆ ಮತ್ತೆ ಥಾಣೆಯ ಆಫೀಸು, ಏಳೂ ಐವತ್ತೆರಡರ ಲೋಕಲ್. ಸಂಜೆ ಬೀಗ ತೆಗೆಯುವವಳೂ ಅವಳೇ, ದೀಪ ಹಾಕುವವಳೂ ಅವಳೇ. ವಸಂತಕುಮಾರ ಹಾಲಿಗೆ ನಡೆದು, ಬಾಗಿಲು ಎಳೆದುಕೋ ಎಂದು ಮಗನಿಗೆ ಹೇಳಿದ.

ರಿತೇಶ್ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟ. ಎಳೆಯಲಿಲ್ಲ.

"ಎಂಥ ಮಾರಾಯ, ಎಳಿ."

"ನನ್ನಿಂದ ಆಗುದಿಲ್ಲ ಪಪ್ಪಾ."

ಅವತ್ತೂ ಬಾಗಿಲು ಎಳೆದದ್ದು ತಾನೇ ಎಂದ ಅವನು. ಸಮಿತನನ್ನು ಹೊತ್ತು ತಂದು ಹಾಸಿಗೆಯ ಮೇಲೆ ಅಂಗಾತ ಮಲಗಿಸಿ, ಫ್ಯಾನ್ ಹಾಕಿ, ಹೊರಗಿನ ಹಾಡಿನ ಗಲಾಟೆಗೆ ನಿದ್ದೆ ಕೆಡದಿರಲಿ ಎಂದು ಬಾಗಿಲು ಮುಚ್ಚಿದ್ದ. ಎರಡು ಸಲ ಒಳಗಿನಿಂದ ಕೆಮ್ಮು ಕೇಳಿಸಿತು. ನೋಡಿ ಬರಲೆಂದು ಎದ್ದವನನ್ನು ಯಾರೋ 'ಸೋನೇ ದೇ ಯಾರ್', ಮಲಗಲಿ ಬಿಡು ಎಂದು ಕೈ ಹಿಡಿದು ಎಳೆದರು. ಅವನು ಮತ್ತೆ ಅವರ ಜೊತೆ ಕೂತ. ಬೆಳಿಗ್ಗೆ ಏಳಕ್ಕೆ ಚಹಾ ತೆಗೆದುಕೊಂಡು ಹೋಗಿ ಬಾಗಿಲು ತಟ್ಟಿದ.

ವಾಂತಿ ಉಸಿರುನಾಳಕ್ಕೆ ಹೋಗಿತ್ತು. ಮಗ್ಗುಲಾಗಿ ಮಲಗಿಸಿ, ಯಾರಾದರೂ ಪಕ್ಕದಲ್ಲಿ ಇದ್ದಿದ್ದರೆ ಹುಡುಗ ಉಳಿಯುತ್ತಿದ್ದ ಎಂದು ಆಸ್ಪತ್ರೆಯ ಡಾಕ್ಟರು ಜಯಲತಾಳಿಗೆ ಹೇಳಿದ್ದರು. ಆ 'ಯಾರಾದರೂ' ಯಾರು ಎಂದು ಹದಿನಾರು ದಿನಗಳಲ್ಲಿ ಅವಳು ಒಬ್ಬರನ್ನೂ ಕೇಳಿರಲಿಲ್ಲ.

ಅವಳು ಐದನೆಯ ಎಲೆಯ ಪಕ್ಕ ಗೋಡೆಗೆ ಒರಗಿ ಕೂತಳು. ಹೊರಗೆ ಬಾ ಲತಾ, ನಾವು ಇದ್ದರೆ ಅವರು ಬರುವುದಿಲ್ಲ ಎಂದು ಅಣ್ಣ ಹಾಲಿನಿಂದ ಎರಡು ಸಲ ಕರೆದ. ಕೆಳಗೆ ಹಳಿಯ ಮೇಲೆ ಕಲ್ಯಾಣದ ಕಡೆಯ ಗಾಡಿಯೊಂದು ಹಾದುಹೋಯಿತು. ಗ್ಲಾಸಿನ ನೀರು ಸಣ್ಣಗೆ ನಡುಗಿ ನಿಂತಿತು. ಅವಳು ವಡಾಪಾವ್ ಮೇಲೆ ಕೂತ ನೊಣವನ್ನು ದುಪಟ್ಟಾದ ತುದಿಯಿಂದ ಓಡಿಸಿದಳು.

ರಿತೇಶ್ ಒಳಗೆ ಒಂದು ಹೆಜ್ಜೆ ಇಟ್ಟ.

"ಅತ್ತೆ, ನಾನೂ ಕೂತ್ಕೊಳ್ತೇನೆ. ನಿಮ್ಮೊಟ್ಟಿಗೆ."

ಅವಳು ತಲೆಯೆತ್ತಲಿಲ್ಲ.

"ಬೇಡ. ಅವತ್ತು ಕೂರ್ಬೇಕಿತ್ತು."