ಶಕುಂತಲಮ್ಮನ ಮಡಿಲಕ್ಕಿ

ಹಿತ್ತಲ ಮನೆಯ ಬಾಡಿಗೆಯವರನ್ನು ಮಡಿಲು ತುಂಬಿಯೇ ಸಾಗಹಾಕಬೇಕೆಂದು ಶಕುಂತಲಮ್ಮ ಸೋಮವಾರ ಬೆಳಿಗ್ಗೆಯೇ ಮೊರದ ತುಂಬ ಅಕ್ಕಿ, ಕೊಬ್ಬರಿ, ಬೆಲ್ಲ, ವೀಳ್ಯದೆಲೆ, ರವಿಕೆ ಕಣ ಜೋಡಿಸಿಟ್ಟರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮಡಿಲು ತುಂಬಿಸಿಕೊಂಡ ಹೆಣ್ಣು ಮತ್ತೆ ಕೂರುವ ಹಾಗಿಲ್ಲ, ಹೊಸಿಲು ದಾಟಿ ಹೊರಡಲೇಬೇಕು. ಶನಿವಾರಸಂತೆ ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಹೆಣ್ಣು ಹೊರಟರೆ ಗಂಡನೂ ಪಾತ್ರೆಪಗಡವೂ ತಾವಾಗಿಯೇ ಹಿಂದೆ ಹೊರಡುತ್ತವೆ. ಸಾಕ್ಷಿಗಿರಲಿ ಎಂದು ಪಕ್ಕದ ಮನೆಯ ಹುಚ್ಚಮ್ಮನನ್ನೂ ಕರೆಸಿದ್ದಾಯಿತು.

ಇಷ್ಟಕ್ಕೆಲ್ಲ ಕಾರಣ ಹಿತ್ತಲ ಮನೆಯ ಒಲೆ. ಸೊಸೆ ಸುಧಾ ಅಡುಗೆಮನೆ ಹಿಡಿದ ದಿನದಿಂದ ಶಕುಂತಲಮ್ಮನ ನಾಲಿಗೆಗೆ ವನವಾಸ. ಎಲ್ಲದಕ್ಕೂ ಬೆಲ್ಲ ಹಾಕುತ್ತಾಳೆ, ಪುಣ್ಯಾತ್ಗಿತ್ತಿ. ಆ ಮನೆಗೆ ಹೋಗಿ, ತನ್ನದೇ ಒಲೆ ಹಚ್ಚಿ, ಎರಡು ಕಡುಬು, ಖಾರವಾಗಿ ಒಂದಿಷ್ಟು ಹುರುಳಿ ಸಾರು ಮಾಡಿಕೊಂಡು ತಿನ್ನಬೇಕು, ಅಷ್ಟೇ ಆಸೆ. ಆದರೆ ಬಾಡಿಗೆಯ ಧರ್ಮೇಶನ ಹೆಂಡತಿ ಕಾವ್ಯಶ್ರೀ, ಮನೆ ಬಿಡು ಎಂದಾಗಲೆಲ್ಲ ಪಂಚಾಂಗ ಬಿಚ್ಚುತ್ತಿದ್ದಳು. "ಆಷಾಢದಲ್ಲಿ ಮನೆ ಬಿಡಬಾರದಂತಮ್ಮ." ಆಮೇಲೆ ಪಿತೃಪಕ್ಷ. ಅದು ಕಳೆಯಿತೆನ್ನುವಾಗ ಧನುರ್ಮಾಸ. ಶಾಸ್ತ್ರ ಎಂದರೆ ಶಕುಂತಲಮ್ಮನ ಬಾಯಿ ಕಟ್ಟಿಹೋಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು. ಈಗ ಸಂಕ್ರಾಂತಿಯೂ ಮುಗಿದಿತ್ತು.

"ಬಾ ಕಾವ್ಯ, ಕೂತ್ಕೊ. ಹೆತ್ತ ಮಗಳನ್ನ ಕಳಿಸೋ ಹಾಗೆ ಕಳಿಸ್ತೀನಿ ನಿನ್ನ."

ಕಾವ್ಯಶ್ರೀ ನಡುಮನೆಯಲ್ಲಿ ಮಣೆಯ ಮೇಲೆ ಕೂತು ಸೆರಗೊಡ್ಡಿದಳು. ಕಣ್ಣಲ್ಲಿ ನೀರು. "ನಂಗೆ ತವರೇ ಇಲ್ಲಮ್ಮ. ಇದುವರೆಗೂ ಒಬ್ಬರೂ ನನ್ನ ಮಡಿಲು ತುಂಬಿಲ್ಲ."

ಶಕುಂತಲಮ್ಮನ ಕರುಳು ಚುರ್ರೆಂದಿತು. ಆದರೆ ಕಡುಬು ನೆನಪಾಯಿತು. "ಇವತ್ತಿಂದ ಇದೇ ನಿನ್ನ ತವರು ಅಂದ್ಕೊ. ತಿರುಗಿ ನೋಡಬೇಡ, ದಾರೀಲಿ ಎಲ್ಲೂ ನಿಲ್ಲಬೇಡ, ನೆಟ್ಟಗೆ ಹೋಗು" ಎನ್ನುತ್ತಾ ಬೊಗಸೆ ಬೊಗಸೆ ಅಕ್ಕಿ ಸುರಿದರು.

ಕಾವ್ಯಶ್ರೀ ಕಾಲಿಗೆ ಬಿದ್ದು ಎದ್ದಳು. ಮಡಿಲು ಬಿಗಿಹಿಡಿದು ಹೊಸಿಲು ದಾಟಿದಳು. ತಿರುಗಿ ನೋಡಲಿಲ್ಲ. ಶಕುಂತಲಮ್ಮ ಮನಸ್ಸಿನಲ್ಲೇ ಒಲೆ ಹಚ್ಚಿದರು. ಅವಳು ಅಂಗಳ ದಾಟಿದಳು, ಗೇಟಿನ ತನಕ ಹೋದಳು, ಅಲ್ಲಿಂದ ಬಲಕ್ಕೆ ಹೊರಳಿ, ಮನೆಯ ಪಕ್ಕದಿಂದ ಸುತ್ತಿ, ಬಲಗಾಲಿಟ್ಟು ಹಿತ್ತಲ ಮನೆಯೊಳಗೆ ಹೋದಳು.

"ಏ, ಇದೇನೇ ಇದು? ಮಡಿಲು ತುಂಬಿಸ್ಕೊಂಡವಳು ಹೊರಡಬೇಕು ಕಣೇ" ಎಂದು ಶಕುಂತಲಮ್ಮ ಹಿತ್ತಲ ಬಾಗಿಲಿಂದ ಕೂಗಿದರು.

"ಹೊರಟು ಬಂದೆನಲ್ಲಮ್ಮ" ಎಂದಳು ಕಾವ್ಯಶ್ರೀ ಬಾಗಿಲಲ್ಲಿ ನಿಂತು. "ತವರಿಂದ ಹೊರಟ ಮಗಳು ನೆಟ್ಟಗೆ ಗಂಡನ ಮನೆಗೆ ತಾನೇ ಹೋಗಬೇಕು? ಮಡಿಲಕ್ಕಿ ಇವತ್ತೇ ಬೇಯಿಸಿಬಿಡ್ತೀನಿ."

ಇವರು ಚಾಪೆ ಕೆಳಗೆ ನುಸುಳಿದರೆ ಅವಳು ರಂಗೋಲಿ ಕೆಳಗೇ ನುಸುಳಿದ್ದಳು. ಶಕುಂತಲಮ್ಮ ಹುಚ್ಚಮ್ಮನ ಕಡೆ ನೋಡಿದರು. ಸಾಕ್ಷಿಗೆ ಬಂದವಳು, ಅದೂ ಶಾಸ್ತ್ರವೇ ಎನ್ನುವಂತೆ ತಲೆಯಾಡಿಸುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಹಿತ್ತಲ ಮನೆಯ ಹೆಂಚಿನ ಸಂದಿಯಿಂದ ಹೊಗೆ ಎದ್ದಿತು. ಇತ್ತ ತಮ್ಮ ಅಡುಗೆಮನೆಯಿಂದ ಸುಧಾ ಕೂಗಿದಳು, "ಅತ್ತೆ, ಸಾರಾಯ್ತು, ಊಟಕ್ಕೆ ಬನ್ನಿ."

ಹುಚ್ಚಮ್ಮ ಮೊರದಲ್ಲಿ ಉಳಿದಿದ್ದ ವೀಳ್ಯದೆಲೆಯನ್ನು ಮಡಿಸಿ ದವಡೆಗಿಟ್ಟುಕೊಂಡಳು.

"ಬೇಜಾರು ಮಾಡ್ಕೋಬೇಡ ಶಕುಂತಲಕ್ಕ. ಮಗಳನ್ನ ದೂರ ಕೊಟ್ಟಿಲ್ಲವಲ್ಲ, ಅದೇ ಪುಣ್ಯ."